ಅದಲುಬದಲಾದ ಬಿರಡೆ

ಗುರುವಾರ ಗಾರ್‌ಸ್ಟಾಂಗ್ ಊರಿನ ಸಂತೆ. ನನ್ನ ಚೀಸ್ ಅಂಗಡಿಯ ಮುಂದೆ ಮಿಸೆಸ್ ಪಿಲ್ಲಿಂಗ್ ನಿಂತು ಎಂದಿನಂತೆ ನನ್ನ ತಲೆ ತಿನ್ನುತ್ತಿದ್ದಳು.

"ಎಲ್ಲಾ ಚೀಸೂ ಬಿಳೀನೇ ಅಲ್ವೇನೇ ನೆಲ್? ಲ್ಯಾಂಕಶೈರೋ ಚೆಶೈರೋ, ಹೊಟ್ಟೆಗೆ ಹೋದ್ಮೇಲೆ ಯಾವುದಾದ್ರೇನು?"

"ನಿನ್ ಗಂಡನೂ ಬೋಳುತಲೆ, ಪಕ್ಕದ್ಮನೆಯವನೂ ಬೋಳುತಲೆ. ಯಾವನಾದ್ರೇನು ಅಂತ ಮನೆಗೆ ಕರ್ಕೊಂಡ್ ಹೋಗ್ತೀಯಾ?"

ಅವಳು ಕಿಸಕ್ಕನೆ ನಕ್ಕಳು. ನನಗೆ ಮಾತ್ರ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಚೆಶೈರ್ ಒಣಕಲು, ಹಲ್ಲಿಗೆ ಸಿಕ್ಕರೆ ಪುಡಿಪುಡಿಯಾಗುತ್ತದೆ, ಆ ಸೀಮೆಯ ನೆಲದಡಿಯ ಉಪ್ಪೆಲ್ಲ ಅದರಲ್ಲಿದೆ. ವೆನ್ಸ್ಲಿಡೇಲ್ ಪದರು ಪದರು, ಕೊನೆಗೆ ಒಂಚೂರು ಜೇನು. ನಮ್ಮ ಲ್ಯಾಂಕಶೈರ್ ಇವತ್ತು ಒಡೆದ ಹಾಲಿನ ಗಡ್ಡೆಗೆ ನಿನ್ನೆಯದನ್ನೂ ಮೊನ್ನೆಯದನ್ನೂ ಬೆರೆಸಿ ಮಾಡುವಂಥದ್ದು. ಬಾಯಿಗಿಟ್ಟರೆ ಬೆಣ್ಣೆ, ನುಂಗಿದ ಮೇಲೆ ಹುಳಿ. ಕಣ್ಣಿಗೆ ಮೂರೂ ಒಂದೇ ಇರಲಿ. ಕಣ್ಣಿನಿಂದ ಯಾರಾದರೂ ತಿನ್ನುತ್ತಾರೆಯೇ?

ಅವಳಿಗೆಂದು ಹೊಸ ಲ್ಯಾಂಕಶೈರ್ ಉಂಡೆಯೊಂದನ್ನು ತಂತಿಯಲ್ಲಿ ಸೀಳಿದೆ. ಒಳಗೆ, ಹೊರಸಿಪ್ಪೆಯಿಂದ ನಡುವಿನವರೆಗೆ, ಬೆರಳು ದಪ್ಪದ ಒಂದು ಪಟ್ಟಿ ಬೇರೆಯೇ ಬಿಳುಪಾಗಿ ಕಂಡಿತು. ಚಿವುಟಿ ಬಾಯಿಗಿಟ್ಟೆ. ಉಪ್ಪು. ಒಣಕಲು. ಚೆಶೈರ್!

ಯಾವ ಕತ್ತೆಯ ಕೆಲಸವಪ್ಪ ಇದು ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಸಿಪ್ಪೆಯ ಮೇಲಿದ್ದದ್ದು ನನ್ನ ಗಂಡ ಸಿರಿಲ್‌ನ ಗುರುತು.

ಸಿರಿಲ್ ಮೂವತ್ನಾಲ್ಕು ವರ್ಷದಿಂದ ಉಗ್ರಾಣದಲ್ಲಿ ಚೀಸಿನ ಗುಣ ನೋಡುವವನು. ಉಕ್ಕಿನ ಕೊರೆಗೋಲನ್ನು ಉಂಡೆಗೆ ಚುಚ್ಚಿ, ತಿರುಗಿಸಿ, ಬೆರಳುದ್ದದ ಬಿರಡೆಯೊಂದನ್ನು ಹೊರಗೆಳೆಯುತ್ತಾನೆ. ಮೂಸುತ್ತಾನೆ, ತುದಿಯನ್ನು ಮುರಿದು ಹೆಬ್ಬೆರಳಲ್ಲಿ ತಿಕ್ಕುತ್ತಾನೆ, ಉಳಿದದ್ದನ್ನು ಅದೇ ತೂತಿಗೆ ವಾಪಸ್ ತಳ್ಳಿ ತೂತಿನ ಬಾಯಿ ಸವರಿ ಮುಚ್ಚಿಬಿಡುತ್ತಾನೆ. ಒಂದರ ಬಿರಡೆ ಒಳಗೆ ಹೋಗದೆ ಇನ್ನೊಂದನ್ನು ಕೊರೆಯುವಂತಿಲ್ಲ. ಅಕಸ್ಮಾತ್ ಕೊರೆದರೂ, ಯಾವುದು ಯಾವುದರದೆಂದು ಸಿರಿಲ್‌ಗೆ ನಿದ್ದೆಗಣ್ಣಿನಲ್ಲೂ ಗೊತ್ತಾಗಬೇಕು.

ಗೊತ್ತಾಗಿಲ್ಲ.

ಆಗ ಒಂದೊಂದೇ ನೆನಪಿಗೆ ಬಂತು. ಈಸ್ಟರ್ ಹೊತ್ತಿಗೆ ಅವನಿಗೆ ಕೆಟ್ಟ ಜ್ವರ ಬಂದಿತ್ತು. ಆಮೇಲೆ ಹಾಲಿನ ಜಗ್ಗನ್ನು ನನ್ನ ಮೂಗಿಗೆ ಹಿಡಿದು, "ಸರಿಯಾಗಿದ್ಯಾ ನೋಡು" ಅನ್ನತೊಡಗಿದ್ದ. ಒಂದು ದಿನ ಬ್ರೆಡ್ಡು ಪಕ್ಕದಲ್ಲೇ ಸುಟ್ಟು ಕರಕಲಾಗುತ್ತಿದ್ದರೂ ಪೇಪರ್ ಓದುತ್ತ ಕೂತಿದ್ದ. ಮುಖದ ನೀರಿಳಿಯುವ ಹಾಗೆ ಬೈದಿದ್ದೆ ನಾನು. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಬರುವ ಶನಿವಾರವೇ ಕೃಷಿ ಪ್ರದರ್ಶನ. ರೈತರ ಮನೆಗಳಲ್ಲಿ ಮಾಡಿದ ಲ್ಯಾಂಕಶೈರ್‌ಗೆ ಹನ್ನೊಂದು ವರ್ಷದಿಂದ ಸಿರಿಲ್‌ನೇ ತೀರ್ಪುಗಾರ. ಮೂಗಿಲ್ಲದೆ ತೀರ್ಪು ಕೊಟ್ಟರೆ ವರ್ಷವಿಡೀ ದುಡಿದ ಹೆಂಗಸರಿಗೆ ಮೋಸ. ಮೂಗಿಲ್ಲವೆಂದು ಒಪ್ಪಿಕೊಂಡರೆ ಅವನ ಪಾಲಿಗೆ ಏನು ಉಳಿಯಿತು? ಆ ಕೊರೆಗೋಲು ಬಿಟ್ಟು ಬೇರೇನೂ ಅವನಿಗೆ ಬೇಕಾಗಿರಲಿಲ್ಲ.

ಸಂಜೆ ಮನೆಗೆ ಹೋದವಳು ಕೋಟು ಬಿಚ್ಚದೆ, ಕಾಗದದಲ್ಲಿ ಸುತ್ತಿ ತಂದಿದ್ದ ಬಿರಡೆಯನ್ನು ಅವನ ಟೀ ಲೋಟದ ಪಕ್ಕ ಇಟ್ಟೆ. ಅವನು ಅದನ್ನೇ ನೋಡಿದ.

"ಯಾವುದ್ರಲ್ಲಿತ್ತು?"

"ಲ್ಯಾಂಕಶೈರಲ್ಲಿ."

"ಹಾಗಾದ್ರೆ ಇದು ಚೆಶೈರು," ಎಂದ. ಮೂಸಿ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು. ಆಮೇಲೆ ತಾನೇ ಬಾಯಿ ಬಿಟ್ಟ. "ಉಗ್ರಾಣದಲ್ಲಿ ಯಾರೂ ಇರ್ಲಿಲ್ಲ. ನನ್ನನ್ನ ನಾನೇ ಪರೀಕ್ಷೆ ಮಾಡ್ಕೊಳೋಣ ಅಂತ ಎರಡನ್ನೂ ಒಟ್ಟಿಗೆ ಕೊರ್ದೆ. ಕಣ್ಮುಚ್ಚಿ ಕೈ ಬದಲಾಯಿಸ್ದೆ. ಎರಡೂ ಮೇಣ ಮೂಸಿದ ಹಾಗಿತ್ತು ನೆಲ್."

"ಹೆಬ್ಬೆರಳಿಗೂ ತಿಳೀಲಿಲ್ವೇನೋ?"

"ಕೈ ನಡುಗ್ತಿತ್ತು ಕಣೇ. ಹೆದರಿದ ಹೆಬ್ಬೆರಳಿಗೆ ಏನ್ ತಿಳಿಯತ್ತೆ?"

"ಮೂರು ತಿಂಗ್ಳು ನನ್ ಹತ್ರಾನೂ ಮುಚ್ಚಿಟ್ಟೆಯಲ್ಲೋ!"

"ನಿಂಗೆ ಹೇಳಿದ್ರೆ ಅದು ನಿಜ ಆಗ್ಬಿಡತ್ತೆ ಅನ್ನಿಸ್ತಿತ್ತು."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಬದಿಗಿಟ್ಟೆ. ಕುರ್ಚಿ ಎಳೆದುಕೊಂಡು ಅವನಿಗೆ ಒತ್ತಿ ಕೂತೆ. "ಶನಿವಾರ ಏನ್ ಮಾಡ್ತೀಯೋ?" ಎಂದು ಕೇಳಿದ್ದಕ್ಕೆ ಅವನು ಬಿರಡೆಯನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದ. ಟೀ ಆರಿ ತಣ್ಣಗಾಯಿತು.

ಶನಿವಾರ ಡೇರೆಯೊಳಗೆ ಏಳು ಉಂಡೆಗಳು, ಅವುಗಳ ಹಿಂದೆ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟ ಏಳು ಹೆಂಗಸರು. ಸಿರಿಲ್ ಬಿಳಿ ಕೋಟು ತೊಟ್ಟು ಕೊರೆಗೋಲು ಹಿಡಿದು ನಿಂತ. ಕೊರೆದೇಬಿಡುತ್ತಾನೆ, ಸುಳ್ಳು ಹೇಳಿಯೇಬಿಡುತ್ತಾನೆ ಅಂದುಕೊಂಡೆ. ದೇವರೇ, ಹೇಳಿದರೆ ಹೇಳಲಿ, ನಾನಂತೂ ತುಟಿ ಬಿಚ್ಚುವುದಿಲ್ಲ ಎಂದೂ ಅಂದುಕೊಂಡೆ.

ಅವನು ಟೋಪಿ ತೆಗೆದ.

"ಈಸ್ಟರ್‌ನಿಂದ ನಂಗೆ ವಾಸನೆ ತಿಳೀತಿಲ್ಲ. ಇವತ್ತು ನೋಡೋದು ನಾನಲ್ಲ, ನನ್ ಹೆಂಡ್ತಿ ನೆಲ್."

ಏಳು ತಲೆಗಳೂ ನನ್ನ ಕಡೆ ತಿರುಗಿದವು. ನನಗೂ ಒಂದು ಮಾತು ಮುಂಚೆ ಹೇಳಿರಲಿಲ್ಲ, ಮಹಾರಾಯ!

ಪ್ರದರ್ಶನದ ಹಿರಿಯರು ಮಿಸ್ಟರ್ ಬ್ಯಾಂಬರ್. ಅವರು ಗಂಟಲು ಸರಿಮಾಡಿಕೊಂಡರು. "ಅಲ್ಲ ಸಿರಿಲ್, ನಿನ್ ಮನೆಯವ್ರು ಮಿಸೆಸ್ ಥ್ರೆಲ್‌ಫಾಲ್ ಒಳ್ಳೆಯವ್ರೇ. ಆದ್ರೆ ಸಂತೇಲಿ ಮಾರೋದು ಬೇರೆ, ತೀರ್ಪು ಕೊಡೋದು ಬೇರೆ..."

"ಲ್ಯಾಂಕಶೈರ್ ಹೊಟ್ಟೇಲಿ ಬೆರಳಷ್ಟು ಚೆಶೈರ್ ಇದ್ದಿದ್ದನ್ನ ಒಂದೇ ಚಿವುಟಿಗೆ ಹಿಡಿದವಳು ಇವ್ಳು," ಎಂದ ಸಿರಿಲ್. ಅವನ ಕಿವಿ ಕೆಂಪಗಾಗಿತ್ತು. "ಅದನ್ನ ಅಲ್ಲಿ ಇಟ್ಟವನು ನಾನು, ಬ್ಯಾಂಬರ್. ನಾನೇ."

ಯಾರೂ ನಗಲಿಲ್ಲ. ಏಪ್ರನ್ ತೊಟ್ಟವರಲ್ಲೊಬ್ಬಳು, "ಶುರು ಮಾಡಮ್ಮ ನೆಲ್, ನಿಂತೂ ನಿಂತೂ ಕಾಲು ನೋಯ್ತಿದೆ," ಎಂದಳು. ಬ್ಯಾಂಬರ್ ಪಕ್ಕಕ್ಕೆ ಸರಿದರು.

ಕೊರೆಗೋಲು ಇಸಿದುಕೊಂಡು ಮೊದಲ ಉಂಡೆಗೆ ಚುಚ್ಚಿ ಸೀದಾ ಎಳೆಯಹೋದೆ. ಸಿರಿಲ್ ನನ್ನ ಮೊಣಕೈ ಹಿಡಿದುಕೊಂಡು, "ತಿರುಗ್ಸು, ಎಳೀಬೇಡ," ಎಂದು ಪಿಸುಗುಟ್ಟಿದ. ಮೂಸಿದೆ, ತಿಂದೆ, ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಮಜ್ಜಿಗೆ. ಹಸಿ ಹುಲ್ಲು. ಹಿಂದಿನಿಂದ ಒಂಚೂರು ಕಹಿ." ಅವನು ಕಣ್ಣು ಮುಚ್ಚಿಕೊಂಡು ಕೇಳಿದ. "ಇನ್ನೂ ಹೇಳು," ಎಂದ. ಹೀಗೆ ಏಳಕ್ಕೂ ಹೇಳಿದೆ. ಗೆದ್ದವಳು ಹೋದ ವರ್ಷ ಅವನಿಂದ ಏನೂ ಗಿಟ್ಟದೆ ಹೋದವಳೇ. ನನ್ನ ನಾಲಿಗೆ ಹೇಳಿದ್ದು ಅದನ್ನೇ, ನಾನೇನು ಮಾಡಲಿ?

ವಾಪಸ್ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಿದ್ದ.

"ಚೀಸ್ ಹೋಯ್ತಲ್ಲ ಅಂತ ಅಷ್ಟು ಬೇಜಾರಿಲ್ಲ ನೆಲ್," ಎಂದ ಮೆಲ್ಲಗೆ. "ಗುರುವಾರ ಸಂತೆಯಿಂದ ಬರ್ತೀಯಲ್ಲ, ನಿನಗಿಂತ ಮುಂಚೆ ನಿನ್ ವಾಸನೆ ಒಳಗೆ ಬರ್ತಿತ್ತು. ಮಜ್ಜಿಗೆ, ಒದ್ದೆ ಉಣ್ಣೆ, ನೀನು. ಈಗ ತಲೆ ಎತ್ತಿದ್ರೆ ಎದುರಿಗೇ ನಿಂತಿರ್ತೀಯ. ಬಂದದ್ದೇ ತಿಳಿಯಲ್ಲ."

ನನ್ನ ಕಣ್ಣು ತುಂಬಿತು. ಎದುರು ಸೀಟಿನವರು ನೋಡಿದರೆ ನೋಡಲಿ ಎಂದು ಅವನ ಕೈ ಹಿಡಿದುಕೊಂಡೆ.

"ಇನ್ಮೇಲೆ ಬಾಗಿಲಲ್ಲೇ ಕೂಗಿ ಒಳಗೆ ಬರ್ತೀನಿ, ಆಯ್ತಾ?"

ಅವನು ತಿರುಗಿ ನನ್ನ ಮುಖ ನೋಡಿದ. ಈಸ್ಟರ್ ಆದ ಮೇಲೆ ಅವತ್ತೇ ಅವನು ನಕ್ಕದ್ದು.

"ಮದುವೆಯಾದಾಗಿನಿಂದ ಯಾವತ್ತು ಕೂಗ್ದೆ ಒಳಗೆ ಬಂದಿದ್ದೀಯೇ, ಮಾರಾಯ್ತಿ?"