ಕೈಯಿಲ್ಲದ ಹೊಡೆತ

ಶುಕ್ರವಾರದ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಕೆಂಡ್ರೆಲ್ ಬಟೀಸ್ಟ್ ಕುತ್ತಿಗೆ ಮುರಿದುಕೊಂಡ. ಸೋಮವಾರ ಅವನ ಹೈಸ್ಕೂಲು ಒಂದು ಹೇಳಿಕೆ ಕೊಟ್ಟಿತು: ಎದುರಾಳಿಯನ್ನು ಕೆಡವುವ ಸರಿಯಾದ ರೀತಿಯನ್ನು ಹುಡುಗನಿಗೆ ಕಲಿಸಲಾಗಿತ್ತು, ಅವನು ಅದನ್ನು ಪಾಲಿಸಲಿಲ್ಲ.

ಅವನ ತಾಯಿ ಅರ್ಲೀನ್‌ಗೆ ಈ ಮಾತು ಮುಟ್ಟಿದ್ದು ಮಕ್ಕಳ ಬಾಯಿಂದ. ಪೋರ್ಟ್ ಲವಾಲಿನ ಶಾಲೆಯ ಹಳದಿ ಬಸ್ಸು ಓಡಿಸುವುದು ಅವಳ ಕೆಲಸ. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಮಗನ ಪಕ್ಕ ತನ್ನ ತಂಗಿಯನ್ನು ಕೂರಿಸಿ, ರಜೆ ಮುಗಿದಿದ್ದರಿಂದ ಬುಧವಾರ ಬೆಳಿಗ್ಗೆ ಅವಳು ಸ್ಟಿಯರಿಂಗ್ ಹಿಡಿದಿದ್ದಳು. ಎಣ್ಣೆ ಶುದ್ಧಿ ಕಾರ್ಖಾನೆಯ ಗೇಟು ದಾಟುವಾಗ ಹಿಂದಿನ ಸೀಟುಗಳಲ್ಲಿ ಧಡ್ ಧಡ್ ಎಂದು ಸದ್ದು. ಕನ್ನಡಿಯಲ್ಲಿ ನೋಡಿದಳು. ಮೂರನೇ ಕ್ಲಾಸಿನ ಇಬ್ಬರು ಪೋರರು ಬಸ್ಸಿನ ನಡುದಾರಿಯಲ್ಲಿ ಎದುರುಬದುರು ನಿಂತಿದ್ದಾರೆ. ಕೈಗಳನ್ನು ಹಿಂದಕ್ಕೆ ಬಿಟ್ಟಿದ್ದಾರೆ, ತಲೆ ತಗ್ಗಿಸಿದ್ದಾರೆ, ಟಗರುಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು "ಸುತ್ತಿಗೆ! ಸುತ್ತಿಗೆ!" ಎಂದು ಅರಚುತ್ತಿದ್ದಾರೆ.

ಬ್ರೇಕು ಒತ್ತಿದ ರಭಸಕ್ಕೆ ಇಡೀ ಬಸ್ಸು ಮುಗ್ಗರಿಸಿತು.

"ತಲೆ ಎತ್ರೋ! ಎತ್ರೋ ತಲೆನಾ!"

ಮುಂದಿನ ಹಲ್ಲಿಲ್ಲದ ಒಬ್ಬ ಕೇಳಿದ: "ಮಿಸ್ ಅರ್ಲೀನ್, ಕೆಂಡ್ರೆಲ್ ಹೇಳಿದ ಮಾತು ಕೇಳ್ಲಿಲ್ವಂತೆ, ಅದಕ್ಕೇ ಹಂಗಾಯ್ತಂತೆ. ಕೋಚ್ ರೇಡಿಯೋದಲ್ಲಿ ಹೇಳಿದ್ರು. ಹೌದಾ?"

ಅವಳು ಮಕ್ಕಳನ್ನು ಶಾಲೆಗೆ ಇಳಿಸಿ, ಖಾಲಿ ಬಸ್ಸಿನಲ್ಲಿ ಒಬ್ಬಳೇ ಕೂತು ಸ್ಟಿಯರಿಂಗಿಗೆ ಅಂಗೈಯಿಂದ ಬಡಿದಳು. ಹೇಳಿದ ಮಾತು ಕೇಳಲಿಲ್ಲವಂತೆ! ಆ ಹುಡುಗ ಕೋಚ್ ಹೇಳಿದನೆಂದರೆ ಊಟ ಬಿಡುತ್ತಿದ್ದ, ನಿದ್ದೆ ಬಿಡುತ್ತಿದ್ದ. ಕೋಚ್ ಹೇಳಿದನೆಂದು ಅಜ್ಜಿಯ ಮಣ್ಣಿನ ದಿನವೂ ಅಭ್ಯಾಸಕ್ಕೆ ಹೋದವನು. ಅಂಥವನು ಈಗ ಮಾತು ಕೇಳದವನಾದ. ಹೆಗಲಿನಿಂದ ಕೆಳಗೆ ಏನೂ ಆಡದೆ ಮಲಗಿರುವವನು ಎದ್ದು ಬಂದು ಸುಳ್ಳು ಎನ್ನುವುದಿಲ್ಲವಲ್ಲ, ಆ ಧೈರ್ಯ ಅವರಿಗೆ.

ಸಂಜೆ ಕೋಚ್ ವೇಡ್ ಸ್ಟಾಕರ್ಡ್ ತಾನಾಗಿಯೇ ಮನೆಗೆ ಬಂದ. ಹೊಗೆಯಲ್ಲಿ ಬೇಯಿಸಿದ ಮಾಂಸದ ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಅವನು ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದವು. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು.

"ಊರಿಗೆ ಊರೇ ಪ್ರಾರ್ಥನೆ ಮಾಡ್ತಿದೆ, ಮಿಸ್ ಅರ್ಲೀನ್."

"ಮಾಡ್ಲಿ. ರೇಡಿಯೋದಲ್ಲಿ ನನ್ನ ಮಗಂದೇ ತಪ್ಪು ಅಂದ್ರಂತೆ?"

"ತಪ್ಪು ಅಂತ ನಾನು ಅನ್ಲಿಲ್ಲ. ಟೆಕ್ನಿಕ್ ಜಾರಿತು ಅಂದೆ."

"ಜಾರೋಕೆ ಅದೇನು ಸೋಪಾ?"

ಕೋಚ್ ತಟ್ಟೆ ಕೆಳಗಿಟ್ಟು, ಬಂದ ಕೆಲಸ ಬಾಯಿಬಿಟ್ಟ. ಈ ಶುಕ್ರವಾರ ಆಟ ಶುರುವಾಗುವ ಮುಂಚೆ ಅವಳು ಮೈದಾನದ ನಡುವೆ ಬರಬೇಕು. ತಂಡದ ಸುತ್ತಿಗೆಯನ್ನು ಅವಳೇ ಕೈಯಾರೆ, ಈ ಸಲ ಅದು ಸಿಗಬೇಕಾದ ಕೆಂಡ್ರೆಲ್‌ನ ಗೆಳೆಯ ಟೋಬಿ ಗಿಲರಿಗೆ ಕೊಡಬೇಕು. "ಮೈಕಿನಲ್ಲಿ ಎರಡೇ ಎರಡು ಮಾತು. ಕೆಂಡ್ರೆಲ್‌ಗೆ ಇಲ್ಲಿ ಎಲ್ಲಾ ಸರಿಯಾಗೇ ಕಲಿಸಿದ್ರು, ಆಟ ಅಂದ್ಮೇಲೆ ಹೀಗಾಗುತ್ತೆ ಅಂತ. ಹುಡುಗರು ಹೆದರಿಬಿಟ್ಟಿದ್ದಾರೆ. ನೀವು ಹೇಳಿದ್ರೆ ಅವರಿಗೆ ಧೈರ್ಯ ಬರುತ್ತೆ. ಆ ಹುಡುಗರಿಗೋಸ್ಕರ."

"ಬರ್ತೀನಿ," ಅಂದಳು ಅರ್ಲೀನ್. ಅಷ್ಟೇ ಅಂದಳು. ಕೋಚ್ ಅದನ್ನು ಒಪ್ಪಿಗೆ ಎಂದುಕೊಂಡು ಹೋದ.

ಸುತ್ತಿಗೆ ಎಂದರೆ ಪೋರ್ಟ್ ಲವಾಲಿಗೆ ಚರ್ಚಿನ ಶಿಲುಬೆಗಿಂತ ಒಂದು ಗೇಣು ಮೇಲೆ. ಹಿಂದೆ ಹಡಗುಕಟ್ಟೆಯಲ್ಲಿ ಕಬ್ಬಿಣ ಬಡಿಯುತ್ತಿದ್ದ ಸುತ್ತಿಗೆ ಅದು, ಉದ್ದ ಹಿಡಿ, ಕರಿ ತಲೆ. ಆಟದಲ್ಲಿ ಎಲ್ಲರಿಗಿಂತ ಜೋರಾಗಿ ಎದುರಾಳಿಗೆ ಬಡಿದವನಿಗೆ ಶನಿವಾರ ಬೆಳಿಗ್ಗೆ ಅದು ಸಿಗುತ್ತದೆ. ಮುಂದಿನ ಶುಕ್ರವಾರ ಅವನು ಅದನ್ನು ಎತ್ತಿ ಹಿಡಿದು ತಂಡದ ಮುಂದೆ ಓಡಿಬರುತ್ತಾನೆ. ಅವನ ತಾಯಿಗೆ ಮುಂದಿನ ಸಾಲಿನಲ್ಲಿ ನೀಲಿ ಬಣ್ಣದ ಕುರ್ಚಿ. ಎರಡು ವಾರದ ಹಿಂದೆ ಆ ಕುರ್ಚಿಯಲ್ಲಿ ಅರ್ಲೀನಳೇ ಕೂತಿದ್ದಳು. ಹೊಸ ಲಿಪ್‌ಸ್ಟಿಕ್ ಹಚ್ಚಿಕೊಂಡು, "ಬಡಿಯೋ ಮಗನೇ! ಮಲಗಿಸಿಬಿಡು ಅವನ್ನ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ್ದಳು. ಈಗ ಆ ಕೂಗು ಅವಳ ಕಿವಿಯಲ್ಲೇ ಕೂತುಬಿಟ್ಟಿತ್ತು.

ಗುರುವಾರ ಟೋಬಿ ಬಂದ. ಕೆಂಡ್ರೆಲ್ ಜೊತೆ ಡೈಪರ್ ಕಾಲದಿಂದ ಬೆಳೆದ ಹುಡುಗ, ತಂಡದ ಹಿಂದಿನ ಸಾಲಿನಲ್ಲಿ ಅವನ ಪಕ್ಕವೇ ನಿಲ್ಲುವವನು. ಕೆಂಡ್ರೆಲ್‌ನ ಶೂ, ಪುಸ್ತಕ ತುಂಬಿದ ಚೀಲ ತಂದಿದ್ದ. ಅರ್ಲೀನ್ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಚಕ್ರದ ಕಸದ ಡಬ್ಬಿಯನ್ನು ಹುಲ್ಲಿನ ನಡುವೆ ತಂದು ನಿಲ್ಲಿಸಿದಳು.

"ನಿಮಗೆ ಕಲಿಸಿದ್ದು ತೋರಿಸು."

"ಏನು?"

"ಸರಿಯಾದ ರೀತಿ ಅಂತಾರಲ್ಲ. ಅದು. ತೋರಿಸು."

ಟೋಬಿ ಮುಜುಗರದಿಂದ ನಕ್ಕ. ಆಮೇಲೆ ಡಬ್ಬಿಯ ಹತ್ತಿರ ಓಡಿಬಂದು, ಮಂಡಿ ಬಾಗಿಸಿ, ತಲೆ ಎತ್ತಿ, ಕೆನ್ನೆಯನ್ನು ಡಬ್ಬಿಯ ಬದಿಗೆ ಒತ್ತಿ, ಎರಡೂ ತೋಳು ಬಳಸಿ ಬಿಗಿದ. ಕಾಲು ಊರಿ ತಳ್ಳಿದ. ಡಬ್ಬಿ ಮೆಲ್ಲಗೆ ಉರುಳಿತು, ಅವನು ಅದರ ಮೇಲೆ ಮಗುವನ್ನು ಮಲಗಿಸುವವನ ಹಾಗೆ ಬಿದ್ದ.

"ಕಣ್ಣು ಮುಂದೆ ಇರ್ಬೇಕು. ತಲೆ ಪಕ್ಕಕ್ಕೆ. ಹೊಡೆಯೋದಲ್ಲ, ಹಿಡಿಯೋದು. ಮಂಗಳವಾರ ಸ್ಪಂಜಿನ ಚಕ್ರ ಉರುಳಿಸ್ತಾರೆ, ಅದನ್ನ ಹೀಗೆ ಹಿಡಿತೀವಿ. ಹತ್ತು ನಿಮಿಷ."

"ವಾರಕ್ಕೆ?"

"ವಾರಕ್ಕೆ. ಅಭ್ಯಾಸದಲ್ಲಿ ಮೈಗೆ ಮೈ ತಾಗ್ಸೋದು ಕಡಿಮೆ ಮಾಡಿದಾರಲ್ಲ, ಪೆಟ್ಟಾಗ್ಬಾರದು ಅಂತ. ಒಳ್ಳೇದೇ. ಆದ್ರೆ ಆ ಉಳಿದ ಹೊತ್ತಲ್ಲಿ ಹಿಡಿಯೋದು ಕಲಿಸ್ಲಿಲ್ಲ ಮಿಸ್ ಅರ್ಲೀನ್. ಚೆಂಡು ಎಸೆಯೋದು, ತಡೆಯೋದು, ಅದೇ ಮಾಡ್ಸಿದ್ರು. ಚಕ್ರ ನೆಟ್ಟಗೆ ಉರುಳುತ್ತೆ. ಮನುಷ್ಯ ಉರುಳಲ್ಲ. ಅವನು ತಪ್ಪಿಸ್ಕೋತಾನೆ, ಬಗ್ಗುತ್ತಾನೆ, ತಾನೇ ತಲೆ ತಗ್ಗಿಸಿ ನಮ್ಮ ಮೇಲೆ ಬರ್ತಾನೆ."

ಅರ್ಲೀನ್ ಡಬ್ಬಿಯನ್ನು ಮತ್ತೆ ಎತ್ತಿ ನಿಲ್ಲಿಸಿದಳು. "ಈಗ ಶುಕ್ರವಾರದ್ದು ತೋರಿಸು."

ಟೋಬಿ ಅಲುಗಲಿಲ್ಲ.

"ತೋರಿಸೋ."

ಅವನು ದೂರ ಹೋದ. ಓಡಿಬಂದ. ಕೊನೆಯ ಹೆಜ್ಜೆಯಲ್ಲಿ ನೆಲ ಬಿಟ್ಟು ಹಾರಿದ, ಕೈಗಳು ಹಿಂದೆ, ತಲೆ ಕೆಳಗೆ, ಹೆಗಲು ಕಲ್ಲಿನ ಹಾಗೆ. ಡಬ್ಬಿ ಬೇಲಿಗೆ ಬಡಿದು ಮುಚ್ಚಳ ಕಿತ್ತು ಹಾರಿತು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಕೈ ಎಲ್ಲೋ?" ಅಂದಳು ಅರ್ಲೀನ್. ಬಸ್ಸಿನಲ್ಲಿ ಆ ಪೋರರ ಕೈಗಳೂ ಹೀಗೇ ಹಿಂದೆ ಇದ್ದವು. "ಕೈ ಎಲ್ಲಿಟ್ಟೆ ನೀನು?"

"ಕೈ ಬಳಸಿದ್ರೆ ಯಾರೂ ನೋಡಲ್ಲ, ಮಿಸ್ ಅರ್ಲೀನ್." ಟೋಬಿ ಬಿದ್ದ ಮುಚ್ಚಳ ಎತ್ತಿಕೊಂಡ. "ಶನಿವಾರ ಆಟದ ಫಿಲಂ ಹಾಕ್ತಾರಲ್ಲ, ಅದರಲ್ಲಿ ನಾನು ಎಷ್ಟೋ ಜನರನ್ನ ತೋಳು ಬಳಸಿ ಹಿಡಿದು ಕೆಡವಿರ್ತೀನಿ. ಒಂದನ್ನೂ ನಿಲ್ಲಿಸಿ ತೋರ್ಸಲ್ಲ. ಹೀಗೆ ಹೊಡೆದದ್ದು ಬಂದ್ರೆ ಮಾತ್ರ ಹಿಂದಕ್ಕೆ ತಿರುಗಿಸ್ತಾರೆ, ಮತ್ತೆ ಹಾಕ್ತಾರೆ, ಮತ್ತೆ ಹಾಕ್ತಾರೆ. ನಾವೆಲ್ಲಾ ಬೆಂಚು ಕುಟ್ತೀವಿ. ಕೆಂಡ್ರೆಲ್‌ಗೆ ಸುತ್ತಿಗೆ ಸಿಕ್ತಲ್ಲ, ಆ ಹೊಡೆತ ಎಷ್ಟು ಸಲ ಹಾಕಿದ್ರು ಗೊತ್ತಾ? ಎದುರು ತಂಡದ ಹುಡುಗ ಎದ್ದು ನಿಲ್ಲೋಕೆ ಹೋಗಿ ಕುಡಿದವನ ತರ ತೂರಾಡ್ತಿದ್ದ. ನಾವು ಬಿದ್ದು ಬಿದ್ದು ನಕ್ವಿ."

"ಆ ಹೊಡೆತದಲ್ಲಿ ಕೆಂಡ್ರೆಲ್ ತಲೆ ಎಲ್ಲಿತ್ತು?"

"ಕೆಳಗೇ ಇತ್ತು. ಮೊನ್ನೆ ಶುಕ್ರವಾರದ ಹಾಗೇನೇ. ಒಂಚೂರೂ ಬೇರೆ ಇಲ್ಲ. ಆವತ್ತು ಅವನಿಗೆ ಸುತ್ತಿಗೆ ಕೊಟ್ರು. ಮೊನ್ನೆ ಶನಿವಾರ..." ಅವನು ಮೂಗು ಒರೆಸಿಕೊಂಡ. "ಮೊನ್ನೆ ಶನಿವಾರ ಅವನ ಶುಕ್ರವಾರದ ಹೊಡೆತಾನೇ ಹಾಕಿದ್ರು. ತಲೆ ತಗ್ಗಿದ ಕಡೆ ನಿಲ್ಲಿಸಿ, ಹೀಗೆ ಮಾಡ್ಬಾರದು ಅಂತ ಕಲಿತ್ಕೊಳ್ಳಿ ಅಂದ್ರು."

ಶನಿವಾರ. ಆ ಹೊತ್ತಿಗೆ ಹ್ಯೂಸ್ಟನ್ನಿನಲ್ಲಿ ವೈದ್ಯರು ಅವಳ ಮಗನ ಕತ್ತು ಕೊಯ್ದು ತಿರುಪು ಹಾಕುತ್ತಿದ್ದರು. ಇಲ್ಲಿ ಇವರು ಪರದೆಯ ಮೇಲೆ ಅವನ ಕತ್ತು ನಿಲ್ಲಿಸಿ ಪಾಠ ಮಾಡುತ್ತಿದ್ದರು. ಮಂಗಳವಾರ ಒಂದು ಕಲಿಸುತ್ತಾರೆ, ಶನಿವಾರ ಅದನ್ನು ಅಳಿಸುತ್ತಾರೆ. ಅಳಿಸಿದ್ದನ್ನು ಚಪ್ಪಾಳೆ ತಟ್ಟಿ ಅಳಿಸುತ್ತಾರೆ. ಕುತ್ತಿಗೆ ಮುರಿದ ದಿನ ಮಾತ್ರ ಮಂಗಳವಾರದ ಹತ್ತು ನಿಮಿಷ ಎಲ್ಲರಿಗೂ ನೆನಪಾಗುತ್ತದೆ. ಆ ಹತ್ತು ನಿಮಿಷ ಇರುವುದೇ ಇದಕ್ಕೆ. ಹುಡುಗರನ್ನು ಕಾಯುವುದಕ್ಕಲ್ಲ, ಕಲಿಸಿದವರನ್ನು ಕಾಯುವುದಕ್ಕೆ!

"ನೀನು ಸುತ್ತಿಗೆ ಇಸ್ಕೋತೀಯಾ?" ಕೇಳಿದಳು.

"ಇಸ್ಕೊಳ್ಳದೇ ಇದ್ರೆ ಆಡ್ಸಲ್ಲ. ಕಾಲೇಜಿನೋರು ನನ್ನ ನೋಡೋಕೆ ಬರ್ತಿದಾರೆ." ಹುಡುಗ ಅವಳ ಮುಖ ನೋಡಲಿಲ್ಲ. "ನೀವು ಕೊಟ್ರೆ ಇಸ್ಕೋತೀನಿ, ಮಿಸ್ ಅರ್ಲೀನ್. ಇಸ್ಕೊಂಡ್ಮೇಲೆ ಹಾಗೇ ಹೊಡೀಬೇಕಾಗುತ್ತೆ."

ಶುಕ್ರವಾರ ಸಂಜೆ ಮೈದಾನ ಭರ್ತಿಯಾಗಿತ್ತು. ಎಲ್ಲರ ಅಂಗಿಯ ಮೇಲೂ ಕೆಂಡ್ರೆಲ್‌ನ ನಂಬರಿನ ನೀಲಿ ರಿಬ್ಬನ್. ಹುರಿದ ಮೆಕ್ಕೆಜೋಳದ ವಾಸನೆ, ಕಾರ್ಖಾನೆಯ ಗಂಧಕದ ವಾಸನೆ. ಬ್ಯಾಂಡು ನಿಂತಿತು. ಸಾವಿರಾರು ಜನ ಎದ್ದು ನಿಂತು ಟೋಪಿ ತೆಗೆದರು, ಸತ್ತವನಿಗೆ ನಿಲ್ಲುವ ಹಾಗೆ. ನನ್ನ ಮಗ ಬದುಕಿದ್ದಾನೆ ಕಣ್ರೋ ಎಂದು ಕಿರುಚಬೇಕು ಅನ್ನಿಸಿತು ಅವಳಿಗೆ.

ಮೈದಾನದ ನಡುಗೆರೆಯ ಮೇಲೆ ಕೋಚ್ ಸುತ್ತಿಗೆಯನ್ನು ಅವಳ ಕೈಗಿಟ್ಟ. ಟೋಬಿ ಹೆಲ್ಮೆಟ್ ಕಳಚಿ ಎದುರಿಗೆ ನಿಂತಿದ್ದ. ಅವನ ಕುತ್ತಿಗೆಯ ಮೇಲೆ ಬೆವರಿನ ಹನಿ. ಎಂಥ ತೆಳು ಕುತ್ತಿಗೆ! ಇಷ್ಟು ದೊಡ್ಡ ಹೆಗಲ ಮೇಲೆ ಇಷ್ಟು ತೆಳು ಕುತ್ತಿಗೆ ಇದೆ ಎಂದು ಅವಳು ಇಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಮೈಕು ಬಾಯಿಗೆ ಬಂತು.

"ಮೂರು ವಾರದ ಹಿಂದೆ ನನ್ನ ಮಗ ತಲೆ ತಗ್ಗಿಸಿ ಹೊಡೆದ," ಅಂದಳು. ದನಿ ಮೈದಾನದ ಆಚೆ ಗೋಡೆಗೆ ಬಡಿದು ವಾಪಸು ಬಂತು. "ಇದೇ ಸುತ್ತಿಗೆ ಕೊಟ್ರಿ. ನಾನು ಆ ಕುರ್ಚೀಲಿ ಕೂತು ಕುಣಿದೆ. ನೀವೂ ಕುಣಿದ್ರಿ. ಹೋದ ವಾರ ಹಾಗೇ ಹೊಡೆದ. ಅದೇ ತಲೆ, ಅದೇ ಹೊಡೆತ. ಅದಕ್ಕೆ ಹೇಳಿದ ಮಾತು ಕೇಳದವನು ಅಂತ ಹೆಸರಿಟ್ರಿ. ಕೇಳಿದ ಕಣ್ರೀ ಅವನು! ನಿಮ್ಮ ಮಾತೇ ಕೇಳಿದ!"

ಯಾರೋ ಮೈಕಿನ ಜೀವ ತೆಗೆದರು. ಮೆಟ್ಟಿಲುಗಳ ಮೇಲೆ ಗುಜುಗುಜು ಎದ್ದಿತು. ಎಲ್ಲಿಂದಲೋ ಒಬ್ಬ, "ಆಟ ಶುರು ಮಾಡ್ರೋ!" ಎಂದು ಕೂಗಿದ.

ಕೋಚ್ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಆಯ್ತು, ಮಿಸ್ ಅರ್ಲೀನ್. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಮಾತು ಸಾಕು. ಈಗ ಸುತ್ತಿಗೆನ ಟೋಬಿ ಕೈಗೆ ಕೊಡಿ."

ಟೋಬಿಯ ಕೈ ಅರ್ಧ ಎದ್ದಿತ್ತು, ಅರ್ಧ ಇಳಿದಿತ್ತು.

"ಕೊಡಿ ಅಂದೆ," ಅಂದ ಕೋಚ್. ಸುತ್ತಿಗೆಯ ಹಿಡಿಗೆ ಕೈ ಹಾಕಿ ಎಳೆದ.

ಅರ್ಲೀನ್ ಮಂಡಿ ಬಾಗಿಸಿದಳು. ಕಾಲು ಊರಿದಳು. ತಲೆ ಎತ್ತಿ, ಕೆನ್ನೆಯನ್ನು ತಣ್ಣನೆ ಕಬ್ಬಿಣಕ್ಕೆ ಒತ್ತಿ, ಹಿತ್ತಿಲಿನಲ್ಲಿ ಆ ಹುಡುಗ ಮೊದಲು ತೋರಿಸಿದ ಹಾಗೆಯೇ ಎರಡೂ ತೋಳು ಬಳಸಿ ಸುತ್ತಿಗೆಯನ್ನು ಎದೆಗೆ ಬಿಗಿದಳು.

"ಕೊಡಲ್ಲ," ಅಂದಳು.