ಮಣ್ಣಲ್ಲಿ ಕರಗುವ ತಟ್ಟೆ

ಕುದಿಯುವ ಸಾರನ್ನು ಶಾಂತಕುಮಾರಿ ಮೂರನೆಯ ತಟ್ಟೆಯ ಅನ್ನದ ಮೇಲೂ ಸುರಿದಳು. ಕಬ್ಬಿನ ಸಿಪ್ಪೆಯ ತಟ್ಟೆ ಆಗಲೇ ಮೆತ್ತಗಾಗಿ ನಡು ಬಗ್ಗಿಸಿತ್ತು. ಅಡಿಕೆ ಹಾಳೆಯದು ತಡೆದುಕೊಂಡಿತ್ತು, ಆದರೆ ಅಂಚಿನಲ್ಲಿ ಬೂಷ್ಟು. ಮೂರನೆಯದು ಮುತ್ತುಗದ ಎಲೆ. ಅವ್ವ ಕಡ್ಡಿ ಚುಚ್ಚಿ ಹೆಣೆದದ್ದು. ಒಂದು ಹನಿಯೂ ಕೆಳಗಿಳಿಯಲಿಲ್ಲ.

"ನಿಮ್ಮವ್ವನ ಕೈ ಗಟ್ಟಿ ಕಣಮ್ಮೋ," ಎಂದು ಅಡುಗೆಯ ಪಾಪಕ್ಕ ನಕ್ಕಳು. "ಈ ಬೆಂಗ್ಳೂರ್ ತಟ್ಟೆ ನೋಡು, ಮದ್ವೆ ಮನೇಲಿ ಕುಡ್ದು ಬಿದ್ದಿರೋ ಭಾವ ಇದ್ದಂಗೈತೆ!"

ಶಾಂತಕುಮಾರಿಗೆ ನಗು ಬರಲಿಲ್ಲ. ಕಿಟಕಿಯ ತನಕ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಹೊರಗೆ ಬಲಸಮುದ್ರದ ಹೊಲಗಳ ಮೇಲೆ ಸೋಲಾರ್ ಫಲಕಗಳು ಕಣ್ಣಿಗೆ ಚುಚ್ಚುತ್ತಿದ್ದವು. ಸೋಲಾರ್ ಕಂಪನಿಯ ಈ ಆಫೀಸಿನಲ್ಲಿ ಇನ್ನು ಪ್ಲಾಸ್ಟಿಕ್ ತಟ್ಟೆ ಕೂಡದು, ಬೇರೆ ಆರಿಸು ಎಂದು ಮ್ಯಾನೇಜರ್ ನಾಗಭೂಷಣ್ ಅವಳಿಗೇ ವಹಿಸಿದ್ದರು. ಅವಳಿಗೆ ತಟಕ್ಕನೆ ನೆನಪಾದದ್ದು ಮಿಡಿಗೇಶಿ ಕಡೆಯ ತನ್ನ ಹಟ್ಟಿ, ಎಲೆ ಹಚ್ಚುವ ಅವ್ವ. ಈ ಆರ್ಡರ್ ಸಿಕ್ಕರೆ ಅವ್ವ ಬಿಸಿಲಲ್ಲಿ ಕೂಲಿಗೆ ಹೋಗುವುದು ತಪ್ಪುತ್ತದೆ. ಅಷ್ಟೇ ಯೋಚಿಸಿದ್ದಳು. ಬೆಳಿಗ್ಗೆ ಅವ್ವ ತಂದ ಚೀಲ ಬಿಚ್ಚಿದಾಗ ಒಣಗಿದೆಲೆಯ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ನಾಗಭೂಷಣ್ ಬಂದು ಎಲೆಯನ್ನು ಎತ್ತಿ ತಳ ನೋಡಿದರು.

"ಇದೇ ಫೈನಲ್ ಶಾಂತಾ. ಮೊದಲ್ನೇ ಊಟ ನಿಂದೇ. ತಾಯಿ ಬಡಿಸ್ಲಿ, ನೀನು ಉಣ್ಣು, ಫೋಟೊ ಹೆಡ್ಡಾಫೀಸಿಗೆ ಕಳಿಸ್ತೀನಿ. ಅವರು ಹೂಂ ಅಂದ್ರೆ ವರ್ಷಪೂರ್ತಿ ಆರ್ಡರ್ರು ನಿಮ್ಮ ಹಟ್ಟಿಗೇ."

"ಬೇರೆ ಯಾರಾದ್ರೂ ಕೂತ್ಕೊಳ್ಲಿ ಸರ್."

"ಆರಿಸ್ದೋಳೇ ಉಣ್ಣದಿದ್ರೆ ಇನ್ಯಾರಮ್ಮ ಉಣ್ತಾರೆ? ನಾನಾದ್ರೂ ಯಾವ ಮುಖ ಇಟ್ಕೊಂಡು ಸೈನ್ ಹಾಕ್ಲಿ?"

"ಸ್ಟೀಲ್ ತಟ್ಟೆ ತರ್ಸೋಣ. ತೊಳೆದಿಟ್ರಾಯ್ತು."

"ತೊಳಿಯಾಕೆ ಪಾವಗಡದಲ್ಲಿ ನೀರೆಲ್ಲೈತಮ್ಮ? ಇದಾದ್ರೆ ಉಂಡು ಎಸೆದ್ರೆ ಮುಗೀತು. ಮಣ್ಣಲ್ಲಿ ಕರಗಿಹೋಗುತ್ತೆ."

ಕರಗುತ್ತದೆ. ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮುಟ್ಟಾದ ಹೆಣ್ಣು ಹಟ್ಟಿಯ ಹೊರಗಿನ ಗುಡಿಸಲಲ್ಲಿರಬೇಕು. ಮನೆಯ ತಟ್ಟೆ ಮುಟ್ಟಿದರೆ ಮೈಲಿಗೆ. ಅದಕ್ಕೇ ಎಲೆ. ಅವ್ವ ಎಲೆಗೆ ಮುದ್ದೆ ಇಟ್ಟು, ಕೈ ತಗಲದಂತೆ ಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದಳು. ಉಂಡ ಎಲೆಯನ್ನು ಇವಳೇ ಗುಂಡಿ ತೋಡಿ ಹೂಳಬೇಕು. ಹಾಸ್ಟೆಲಿಗೆ ಸೇರಿದ ದಿನ ಸ್ಟೀಲ್ ತಟ್ಟೆಯೊಂದು ಕೊಂಡು ಅದರ ಮೇಲೆ ಹೆಸರು ಕೆತ್ತಿಸಿದ್ದಳು. ಇಂದಿಗೂ ಆ ತಟ್ಟೆ ಅವಳ ಬ್ಯಾಗಿನಲ್ಲೇ ಇರುತ್ತದೆ.

ಮೆಟ್ಟಿಲ ಮೇಲೆ ಕೂತಿದ್ದ ಅವ್ವ ಗಿರಿಯಮ್ಮನನ್ನು ಪಾಪಕ್ಕ ಕೈಹಿಡಿದು ಒಳಗೆ ಕರೆತಂದಳು. ಹೊಸ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಟೇಬಲ್ಲಿನ ಮೇಲೆ ಎಲೆ ಹಾಸಿ, ಅನ್ನ ಇಕ್ಕಿ, ಸಾರು ಬಿಟ್ಟು, ಮಗಳ ಭುಜಕ್ಕೆ ಭುಜ ತಾಕುವಷ್ಟು ಹತ್ತಿರ ನಿಂತಳು. ನಾಗಭೂಷಣ್ ಫೋನ್ ಎತ್ತಿದರು.

"ಉಣ್ಣವ್ವ," ಎಂದಳು ಗಿರಿಯಮ್ಮ. ಮಗಳು ಕೈ ಚಾಚಲಿಲ್ಲ. ಅವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಅವಾಗ ಕೋಲಲ್ಲಿ ತಳ್ತಿದ್ದೆ, ಬುಡು. ಇವಾಗ ನೋಡು, ಕೈಯಾರೆ ಇಕ್ತಾ ಇದೀನಿ. ಒಂದೇ ಒಂದು ತುತ್ತು. ಹಟ್ಟಿ ಹೆಂಗಸ್ರೆಲ್ಲ ಕಾಯ್ತಾ ಅವ್ರೆ ಕಣೇ."

ತಾನೇ ತುತ್ತು ಕಲಸಿ ಮಗಳ ಬಾಯಿಯ ಹತ್ತಿರ ತಂದಳು.

"ನಾನು ಈ ಎಲೇಲಿ ಉಣ್ಣಲ್ಲ ಕಣವ್ವಾ," ಎಂದಳು ಶಾಂತಕುಮಾರಿ.