ಮೀಡಿಯಮ್ಮನ ತೋಳು

ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಮೀಡಿಯಮ್ಮ. ಹೊಸ ಮಾದರಿಯ ಅಂಗಿಯೋ ಕೋಟೋ ತಯಾರಾದಾಗ ಅದನ್ನು ಮೊದಲು ಅವಳಿಗೆ ತೊಡಿಸಿ ನೋಡುತ್ತಿದ್ದರು. ಅವಳ ಮೈಗೆ ಒಪ್ಪಿದರೆ ಅದು ಮೀಡಿಯಂ ಅಳತೆ. ಆಮೇಲೆ ಅದನ್ನೇ ಹಿಗ್ಗಿಸಿದರೆ ದೊಡ್ಡದು, ಕುಗ್ಗಿಸಿದರೆ ಚಿಕ್ಕದು. ಹನ್ನೊಂದು ವರ್ಷದಿಂದ ಎಲ್ಲೆಲ್ಲಿಯವರೋ ಸಾವಿರಾರು ಹೆಂಗಸರು, ತಮಗೆ ಗೊತ್ತಿಲ್ಲದೆಯೇ, ಅವಳ ಭುಜ ಸೊಂಟಗಳ ಲೆಕ್ಕದಲ್ಲಿ ಹೊಲಿದ ಬಟ್ಟೆ ತೊಡುತ್ತಿದ್ದರು.

ದಿನದ ಬಹುಪಾಲು ಅವಳು ಸ್ಯಾಂಪಲ್ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ಕಾಲರು, ಕಿಸೆ ಹೊಲಿಯುವವಳೇ. ಕಟಿಂಗ್ ಮಾಸ್ಟರ್ ಕರೆದಾಗ ಎದ್ದು ಹೋಗಿ ನಿಲುವುಗನ್ನಡಿಯ ಮುಂದೆ ನಿಲ್ಲಬೇಕು. ಮಾಸ್ಟರಿಗೆ ಅರವತ್ತು ಹತ್ತಿರ ಬಂದಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ತಿಂಗಳ ಮೊದಲ ಸೋಮವಾರ ಹದಿನೈದು ಕಡೆ ಟೇಪು ಹಿಡಿದು ಅವಳನ್ನು ಅಳೆದು, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದರು. ಈ ಕೆಲಸಕ್ಕೆಂದು ಸಂಬಳದ ಜೊತೆ ಚಿಕ್ಕದೊಂದು ಭತ್ಯೆ ಇತ್ತು. ಷರತ್ತು ಒಂದೇ: ಇದ್ದ ಹಾಗೇ ಇರಬೇಕು.

ಅವಳು ಇದ್ದ ಹಾಗೇ ಇದ್ದಳು. ನೆಂಟರ ಮನೆಯಲ್ಲಿ ಎರಡನೆಯ ಸಲ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಜ್ವರ ಬಂದು ಎರಡು ಕಿಲೋ ಇಳಿದರೆ ಗಾಬರಿಯಾಗಿ ಮತ್ತೆ ತಿಂದು ತುಂಬಿಸಿಕೊಳ್ಳುತ್ತಿದ್ದಳು. ತೂಕದ ಯಂತ್ರ ಐವತ್ತಾರು ತೋರಿಸಿದರೆ ಆ ತಿಂಗಳು ನಿಶ್ಚಿಂತೆ.

ಒಂದು ದಿನ ಮಾಸ್ಟರ್ ಅವಳಿಗೆ ದಪ್ಪ ಉಣ್ಣೆಯ ಕೋಟು ತೊಡಿಸಿ ಎರಡೂ ತೋಳು ಚಾಚಿ ನಿಲ್ಲಲು ಹೇಳಿದರು. ಕಂಕುಳ ಹತ್ತಿರ ಪಿನ್ನು ಹಾಕುತ್ತಿದ್ದಾಗ ಅವಳ ತೋಳು ನಡುಗತೊಡಗಿತು. ಒಂದು ನಿಮಿಷವೂ ಆಗಿರಲಿಲ್ಲ. ಹಲ್ಲು ಕಚ್ಚಿ ಹಿಡಿದಳು. ಆಗಲಿಲ್ಲ, ಕೈ ತಾನಾಗಿ ಕೆಳಗೆ ಬಿತ್ತು, ಪಿನ್ನು ಚುಚ್ಚಿತು. ಮಾಸ್ಟರ್ ಬೈಯಲಿಲ್ಲ, ಕುರ್ಚಿ ತರಿಸಿದರು. ಬೈದಿದ್ದರೇ ವಾಸಿಯಿತ್ತು. ವಯಸ್ಸಾದವರಿಗೆ ತರಿಸುವ ಹಾಗೆ ಕುರ್ಚಿ ತರಿಸಿದರಲ್ಲ ಎಂಬುದು ಸಂಜೆಯವರೆಗೂ ಅವಳ ತಲೆ ಕೊರೆಯಿತು. ಅವಳಿಗಿನ್ನೂ ನಲವತ್ತೆರಡು.

ಕಾರ್ಖಾನೆಯ ಡಾಕ್ಟರು ರಕ್ತ ನೋಡಿದರು, ಎತ್ತರ ನೋಡಿದರು, ತೂಕ ನೋಡಿದರು. ಎಲ್ಲವೂ ಸರಿ. ಒಂದು ಗ್ರಾಂ ಕೂಡ ಇಳಿಸಬೇಕಾಗಿಲ್ಲ ಎಂದರು. ಆಮೇಲೆ ಅವಳ ಮೇಲ್ದೋಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಈ ಐವತ್ತಾರರಲ್ಲಿ ಮಾಂಸಖಂಡ ಕಡಿಮೆಯಿದೆ, ಕೂತು ಕೂತು ಸಡಿಲಾಗಿದೆ, ಕೈಕಾಲಿಗೆ ಕೆಲಸ ಕೊಡಿ ಎಂದು ಹೇಳಿ ಕಳಿಸಿದರು.

ಕೆಲಸ ಕೊಡುವವರು ಮನೆಯಲ್ಲೇ ಇದ್ದರು. ಅವಳ ಅತ್ತೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ಈಗ ಎಪ್ಪತ್ತೆರಡು ತುಂಬಿದೆ, ಆದರೂ ನೆಲದ ಮೇಲೆ ಕೂತರೆ ಕೈ ಊರದೆ ಏಳುತ್ತಾರೆ. ಮದುವೆಯ ಹೊಸದರಲ್ಲಿ ಸೊಸೆಗೆ ಬಸ್ಕಿ ಹೇಳಿಕೊಡಲು ಹೋಗಿ, ಅವಳು ಮುಖ ಗಂಟು ಹಾಕಿಕೊಂಡಿದ್ದರಿಂದ ನಾಲ್ಕೇ ದಿನಕ್ಕೆ ಕೈಬಿಟ್ಟಿದ್ದರು. ಹದಿನೆಂಟು ವರ್ಷದ ಮೇಲೆ ಸೊಸೆಯೇ ಬಂದು ಕೇಳಿದಾಗ ಅವರು ಓದುತ್ತಿದ್ದ ಪೇಪರು ಮಡಿಸಿಟ್ಟರು.

"ತೆಳ್ಳಗಾಗಬೇಕೋ, ಗಟ್ಟಿಯಾಗಬೇಕೋ?"

"ಎರಡೂ ಒಂದೇ ಅಲ್ವಾ ಅತ್ತೆ?"

"ಅಲ್ಲ ಕಣಮ್ಮ. ನಾಳೆ ಆರು ಗಂಟೆಗೆ ಮಹಡಿ ಮೇಲೆ ಬಾ."

ಲಿಫ್ಟ್ ರಿಪೇರಿ ಮಾಡುವ ಗಂಡ ಹೊದಿಕೆಯೊಳಗಿಂದಲೇ ಇದನ್ನೆಲ್ಲ ಕೇಳಿಸಿಕೊಂಡ. ತೂಕ ಸರಿ ಇದೆ ಅಂದ ಮೇಲೂ ಇದ್ಯಾವ ಹುಚ್ಚು ಎಂದ. ಅಮ್ಮನೂ ಹೆಂಡತಿಯೂ ಒಂದಾದರೆ ತನ್ನ ಗತಿಯೇನು ಎಂದೂ ಸೇರಿಸಿ ಮಗ್ಗುಲು ಬದಲಿಸಿದ.

ಶುರುವಿನಲ್ಲಿ ಅತ್ತೆ ಹೇಳಿಕೊಟ್ಟದ್ದು ಬಹಳ ಸರಳ. ಗೋಡೆಗೆ ಕೈಕೊಟ್ಟು ದಂಡ, ಸ್ಟೂಲಿನ ಮೇಲೆ ಕೂತು ಏಳುವುದು, ನೀರು ತುಂಬಿದ ಬಾಟಲಿ ಹಿಡಿದು ತೋಳೆತ್ತುವುದು. ಸೀಟಿ ಕೊರಳಲ್ಲೇ ಇರುತ್ತಿತ್ತು. ಅಕ್ಕಪಕ್ಕದವರಿಗೆ ತೊಂದರೆಯೆಂದು ಊದುತ್ತಿರಲಿಲ್ಲ ಅಷ್ಟೆ. ಮೂರನೆಯ ದಿನ ಅವಳಿಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲೂ ಕೈ ಮೇಲೇಳಲಿಲ್ಲ.

ಹುಮ್ಮಸ್ಸಿನಲ್ಲಿ ಅವಳು ಒಂದು ತಪ್ಪು ಮಾಡಿದಳು. ಬೇಗ ಫಲ ಸಿಗಲೆಂದು ಊಟ ಅರ್ಧ ಮಾಡಿದಳು. ಹತ್ತನೆಯ ದಿನ ಕಾರ್ಖಾನೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕೂತುಬಿಟ್ಟಳು. ಸಂಜೆ ಅತ್ತೆ ಅವಳ ಊಟದ ಡಬ್ಬಿ ತೆರೆದು ನೋಡಿದರು. ಇಟ್ಟಿಗೆಯನ್ನೇ ಕೊಡದೆ ಗೋಡೆ ಏಳಲಿ ಅಂದರೆ ಎಲ್ಲಿಂದ ಏಳಬೇಕು ಎಂದು ಚೆನ್ನಾಗಿ ಬೈದರು. ಮರುದಿನದಿಂದ ಡಬ್ಬಿ ತುಂಬುವ ಕೆಲಸ ಅವರದೇ ಆಯಿತು: ಎರಡು ಮೊಟ್ಟೆ, ಬೇಯಿಸಿದ ಕಾಳು, ಮೊಸರು, ಮಾಮೂಲಿನ ಊಟ. ತೂಕದ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

ಎರಡು ತಿಂಗಳಾದರೂ ಅವಳಿಗೆ ಏನೂ ಕಾಣಲಿಲ್ಲ. ಕದ್ದು ತೂಗಿ ನೋಡಿದರೆ ಅದೇ ಐವತ್ತಾರು. ಆದರೆ ಒಂದು ಮಧ್ಯಾಹ್ನ ಗೋದಾಮಿನಿಂದ ಬಟ್ಟೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿ ಬಂದಳು. ಮೇಜಿನ ಮೇಲೆ ಇಳಿಸಿದ ಮೇಲೆಯೇ ಅವಳಿಗೆ ಹೊಳೆದದ್ದು, ಇದನ್ನು ಯಾವಾಗಲೂ ಇಬ್ಬರು ಹಿಡಿದು ತರುತ್ತಿದ್ದರೆಂದು. ಪಕ್ಕದ ಮಿಷನ್ನಿನವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮೀಡಿಯಮ್ಮ ಏನೂ ಆಗದವಳಂತೆ ದಾರ ಪೋಣಿಸಿದಳು; ಒಳಗೊಳಗೇ ಕುಣಿಯುವಷ್ಟು ಖುಷಿ.

ಈ ವೇಳೆಗೆ ಮಾಸ್ಟರ್ ಕಣ್ಣಿನ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಹೋದರು. ಅವರ ಜಾಗದಲ್ಲಿದ್ದವನು ಸೋಮಾರಿ. ಟೇಪು ಮುಟ್ಟದೆ ಹಾಳೆಯಲ್ಲಿ ಹಿಂದಿನ ತಿಂಗಳ ಅಂಕಿಗಳನ್ನೇ ಇಳಿಸಿದ. ತನ್ನ ಲಂಗದ ಲಾಡಿಯನ್ನು ಇನ್ನಷ್ಟು ಒಳಗೆ ಎಳೆದು ಕಟ್ಟಬೇಕಾಗಿದ್ದದ್ದೂ, ತೋಳು ಅಂಗಿಯನ್ನು ತುಂಬುತ್ತಿದ್ದದ್ದೂ ಅವಳಿಗೆ ಗೊತ್ತಿತ್ತು. ತೂಕ ಅಷ್ಟೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡು ಸುಮ್ಮನಿದ್ದಳು. ಆ ದಿನಗಳಲ್ಲೇ ಹೊಸ ಕೋಟಿನ ಸ್ಯಾಂಪಲ್ಲನ್ನು ಅವಳ ಮೈಮೇಲೆ ಕೂರಿಸಿ ಕೊಳ್ಳುವ ಕಂಪನಿಗೆ ಕಳಿಸಿಯೂ ಆಯಿತು.

ಮಾಸ್ಟರ್ ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದ ವಾರವೇ ಕೋಟು ವಾಪಸು ಬಂತು. ಸೊಂಟದ ಗುಂಡಿ ಕೂಡುತ್ತಿಲ್ಲ, ತೋಳು ದೊಗಲೆ, ಇದು ಯಾರ ಮೀಡಿಯಂ ಎಂದು ಕೊಳ್ಳುವವರು ಬರೆದಿದ್ದರು. ಅದೃಷ್ಟಕ್ಕೆ ಉಳಿದ ಕೋಟುಗಳ ಹೊಲಿಗೆ ಶುರುವಾಗಿರಲಿಲ್ಲ. ಮಾಸ್ಟರ್ ಮೊದಲು ಕಾಗದದ ಪ್ಯಾಟರ್ನನ್ನು ಅನುಮಾನಿಸಿದರು. ಆಮೇಲೆ ಟೇಪು ಹಿಗ್ಗಿದೆಯೇ ಎಂದು ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ನೋಡಿದರು. ಕೊನೆಗೆ ಅವಳನ್ನು ಕರೆದು ಅಳೆದರು. ಸೊಂಟ ಮೂರು ಸೆಂಟಿಮೀಟರ್ ಒಳಗೆ, ತೋಳು ಒಂದೂವರೆ ಹೊರಗೆ, ಬೆನ್ನು ನೆಟ್ಟಗಾಗಿ ಕೋಟಿನ ಹಿಂಭಾಗ ಗಿಡ್ಡ. ಅವರು ಪಿನ್ನುಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದರು.

"ಮೈಯಲ್ಲಿ ಹುಷಾರಿಲ್ವೇನಮ್ಮ?"

"ಹುಷಾರಾಗಿದೀನಿ ಮಾಸ್ಟ್ರೇ. ಹುಷಾರಾಗಿದ್ದೇ ತೊಂದರೆ ಆಗಿದೆ."

ಅವಳು ಎಲ್ಲವನ್ನೂ ಹೇಳಿದಳು. ಮಾಸ್ಟರ್ ರೇಗಲಿಲ್ಲ. ಎರಡು ಮೂರು ತಿಂಗಳು ಆ ಕಸರತ್ತು ನಿಲ್ಲಿಸಿದರೆ ಮೈ ತಾನಾಗಿ ಮೊದಲಿನ ಹಾಗಾಗುತ್ತದೆ, ಅಲ್ಲಿಯವರೆಗೆ ಹೇಗೋ ತೂಗಿಸಿಕೊಂಡು ಹೋಗೋಣ ಎಂದರು. ಮತ್ತೆ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾಗ ಹೊತ್ತು ಹೋಗದೆ ನಿನ್ನ ಅಳತೆಯಲ್ಲೇ ಮನಸ್ಸಿನಲ್ಲಿ ಕೋಟು ಕತ್ತರಿಸುತ್ತಿದ್ದೆ ಎಂದೂ ಹೇಳಿದರು. ಕಣ್ಣು ಬಾರದೇ ಹೋದರೂ ಆ ಒಂದು ಅಳತೆ ಕೈಗೆ ಗೊತ್ತಿದೆ ಎಂಬ ಧೈರ್ಯವಿತ್ತಂತೆ. ಅದನ್ನು ಕೇಳಿ ಅವಳು ಗೋಡೆಯ ಹಾಳೆಯತ್ತ ನೋಡಿದಳು. ಒಂದು ದಿನ ಸಮಯ ಕೇಳಿದಳು.

ಸಂಜೆ ಮಹಡಿಯಲ್ಲಿ ಅತ್ತೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಬಿಡಬೇಡ ಅನ್ನುತ್ತಾರೆ ಎಂದುಕೊಂಡೇ ಅವಳು ವಿಷಯ ಹೇಳಿದಳು. ಅವರು ಹಾಗೆ ಅನ್ನಲಿಲ್ಲ.

"ಕೆಲಸ ನಿಂದು, ಮೈ ನಿಂದು. ನೀನು ಬಿಟ್ರೆ ನಂಗೆ ಬೇಜಾರಾಗತ್ತೆ, ಸುಳ್ಳು ಯಾಕೆ ಹೇಳ್ಲಿ. ರಿಟೈರಾದ ಮೇಲೆ ಬೆಳಿಗ್ಗೆ ಆರು ಗಂಟೆಗೆ ನನ್ನನ್ನ ಹುಡುಕ್ಕೊಂಡು ಬಂದೋಳು ನೀನೊಬ್ಬಳೇ. ಆದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡ."

ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗಿಳಿದಳು. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು. ಹನ್ನೊಂದು ವರ್ಷ ಮೈಯನ್ನು ಬೇರೆಯವರ ಸಾಮಾನಿನ ಹಾಗೆ ಜೋಪಾನ ಮಾಡಿದ್ದಾಗಿತ್ತು. ಈ ಐದು ತಿಂಗಳು ಮಾತ್ರ ಅದು ತನಗೆ ಕೆಲಸಕ್ಕೆ ಬಂದಿತ್ತು. ಬೆಳಿಗ್ಗೆ ಎದ್ದಾಗ ಯೋಚಿಸಲು ಏನೂ ಉಳಿದಿರಲಿಲ್ಲ. ಎಂದಿನಂತೆ ದಂಡ ಹೊಡೆದು, ಸ್ನಾನ ಮಾಡಿ, ಹೊರಟಳು.

"ನಾನು ಬಿಡಲ್ಲ ಮಾಸ್ಟ್ರೇ," ಎಂದಳು. "ನಿಮ್ಮ ಹತ್ರ ಮುಚ್ಚಿಟ್ಟಿದ್ದು ತಪ್ಪು. ಅದಕ್ಕೆ ಏನು ಬೇಕಾದ್ರೂ ಅನ್ನಿ."

ಮಾಸ್ಟರ್ ಪಿನ್ನಿನ ಡಬ್ಬಿ ಮುಚ್ಚಿದರು. ಆಮೇಲೆ ಗೋಡೆಯ ಹಾಳೆಯನ್ನು ನಿಧಾನವಾಗಿ ಬಿಡಿಸಿ, ನಾಲ್ಕಾಗಿ ಮಡಿಸಿ ಡ್ರಾಯರಿನಲ್ಲಿಟ್ಟರು.

ಭತ್ಯೆ ನಿಂತಿತು. ಗಂಡ ಎರಡು ದಿನ ಗೊಣಗಿ, ಮೂರನೆಯ ದಿನ ತನ್ನ ಸೊಂಟನೋವಿಗೇನಾದರೂ ಇದೆಯೇ ಎಂದು ಅಮ್ಮನನ್ನು ಕೇಳಿದ. ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳನ್ನು ಕನ್ನಡಿಯ ಮುಂದೆ ನಿಲ್ಲಿಸಿದರು. ಇಪ್ಪತ್ತಮೂರು ವರ್ಷದವಳು, ಎಲ್ಲ ಅಳತೆಯೂ ಹೇಳಿ ಮಾಡಿಸಿದ ಹಾಗೆ. ಜನ ಅವಳಿಗೆ ಚಿಕ್ಕ ಮೀಡಿಯಮ್ಮ ಎಂದು ಹೆಸರಿಟ್ಟರು. ದೊಡ್ಡವಳ ಹೆಸರು ಹಾಗೇ ಉಳಿಯಿತು. ಅಲುಗಾಡದೆ ನಿಲ್ಲುವುದು ಹೇಗೆ, ಮಂಡಿಯನ್ನು ಕೊಂಚ ಸಡಿಲ ಬಿಟ್ಟರೆ ತಲೆಸುತ್ತು ಹೇಗೆ ಬರುವುದಿಲ್ಲ ಎಂಬುದನ್ನೆಲ್ಲ ಅವಳೇ ಹುಡುಗಿಗೆ ತೋರಿಸಿಕೊಟ್ಟಳು.

ತಿಂಗಳು ಕಳೆದಿರಬೇಕು. ಊಟದ ಬಿಡುವಿನಲ್ಲಿ ಆ ಹುಡುಗಿ ಹೆಗಲು ಒತ್ತಿಕೊಳ್ಳುತ್ತ ಅವಳ ಮಿಷನ್ನಿನ ಪಕ್ಕ ಬಂದು ಕೂತಳು. ಸುತ್ತಿ ಬಳಸಿ ಕೊನೆಗೆ ಕೇಳಿದಳು:

"ಅಕ್ಕಾ, ಬೆಳಿಗ್ಗೆ ಹೊತ್ತು ನಾನೂ ನಿಮ್ಮ ಅತ್ತೆ ಹತ್ರ ಬರ್ಲಾ?"

ಮೀಡಿಯಮ್ಮ ಹೊಲಿಗೆ ನಿಲ್ಲಿಸಿದಳು. ಬೇಡವೆನ್ನಲು ಮನಸ್ಸಾಗಲಿಲ್ಲ. ಬಾ ಎಂದರೆ ಮಾಸ್ಟರಿಗೆ ಮತ್ತೆ ಅದೇ ಪಾಡು.

"ಬಾ. ಆದ್ರೆ ಮೊದಲು ಮಾಸ್ಟರಿಗೆ ಹೇಳು. ನನ್ನ ಥರ ಮಾಡಬೇಡ."

ಹುಡುಗಿ ಎದ್ದು ಕಟಿಂಗ್ ಕೋಣೆಗೆ ಹೋದಳು. ಗಾಜಿನಾಚೆ ಅವಳು ತಲೆ ತಗ್ಗಿಸಿ ಮಾತಾಡುವುದೂ, ಮಾಸ್ಟರ್ ಕತ್ತರಿ ಕೆಳಗಿಟ್ಟು ಕೇಳಿಸಿಕೊಳ್ಳುವುದೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ಬಾಗಿಲಿಗೆ ಬಂದು, ಯಾರನ್ನೂ ನೋಡದೆ, ಇನ್ನು ಮೇಲೆ ಅಳತೆ ತಿಂಗಳಿಗಲ್ಲ, ಪ್ರತಿ ಸೋಮವಾರವೂ ತೆಗೆಯುತ್ತೇನೆ, ಮೈ ಬದಲಾದರೆ ಮೊದಲು ನನಗೆ ಗೊತ್ತಾಗಬೇಕು ಎಂದು ಹೇಳಿ ಒಳಗೆ ಹೋದರು. ಹುಡುಗಿ ನಗುತ್ತ ಬಂದಳು. ಮೀಡಿಯಮ್ಮ ಅವಳಿಗೆ ಮನೆಯ ದಾರಿ ಹೇಳಿಕೊಟ್ಟು, ಆರು ಗಂಟೆ ಎಂದರೆ ಆರೇ ಗಂಟೆ ಎಂದು ಎಚ್ಚರಿಸಿ, ಅರ್ಧಕ್ಕೆ ನಿಂತಿದ್ದ ಕಾಲರನ್ನು ಸೂಜಿಯ ಕೆಳಗೆ ಸರಿಸಿದಳು.